ಮಂಡಿ ರೇಟನ್ನು ವೆಬ್ ಪೇಜಿಗೆ ತರಲು ಗೂಗಲ್ ಶೀಟ್ಸ್: ಬಳಸಿ ನೋಡಿದವನ ಅಭಿಪ್ರಾಯ

ಕೋಲಾರದ ಎಪಿಎಂಸಿ ಸುತ್ತಮುತ್ತ ಬೆಳಗಾದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಬಾಕ್ಸ್ ಎಷ್ಟು ಹೋಯ್ತು?" ಇಲ್ಲಿ ಟೊಮೆಟೊ ಲೆಕ್ಕ 15 ಕೆಜಿ ಬಾಕ್ಸಿನಲ್ಲಿ. ಮಂಡಿ, ನರ್ಸರಿ, ಗೊಬ್ಬರದ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಮಂಡಿಯವರು ಬಂದರೆ ಕೇಳುವುದು ಎರಡೇ. ಇವತ್ತಿನ ರೇಟು ಪೇಜಿನಲ್ಲಿ ಕಾಣಬೇಕು. ಅದನ್ನು ಹಾಕಿಸುವುದಕ್ಕೆ ದಿನಾ ನನಗೆ ಫೋನ್ ಮಾಡುವ ಹಾಗಿರಬಾರದು.

ಅಂದರೆ ಪೇಜು ಒಂದು ಸರ್ವರ್‌ನಲ್ಲಿ ಇರುತ್ತದೆ, ರೇಟು ಇನ್ನೊಂದು ಕಡೆ ಬದಲಾಗುತ್ತಿರುತ್ತದೆ. ಯಾರಾದರೂ ಪೇಜು ತೆರೆದಾಗ ಅಲ್ಲಿನ ರೇಟು ಇಲ್ಲಿ ಬಂದು ಕೂರಬೇಕು. ಇದಕ್ಕೆ ನಾನು ಹೋದ ಸೀಸನ್‌ನಿಂದ ಬಳಸುತ್ತಿರುವುದು ಗೂಗಲ್ ಶೀಟ್ಸ್‌ನ 'ಪಬ್ಲಿಷ್ ಟು ವೆಬ್', ಅಂದರೆ ಶೀಟಿನಲ್ಲಿ ಬರೆದದ್ದನ್ನು ವೆಬ್‌ನಲ್ಲಿ ಕಾಣುವ ಹಾಗೆ ಮಾಡುವ ಸೌಲಭ್ಯ. ದುಡ್ಡು ಕೊಡುವಂತಿಲ್ಲ, ಒಂದು ಗೂಗಲ್ ಖಾತೆ ಇದ್ದರೆ ಸಾಕು. ನನ್ನ ಲೆಕ್ಕದಲ್ಲಿ 5ಕ್ಕೆ 4 ಅಂಕ. ಆದರೆ ಅದು ಕೊಡುವ ಐಫ್ರೇಮ್ ಕೋಡನ್ನು (ಬೇರೆ ಸೈಟಿನ ಪೇಜನ್ನು ನಮ್ಮ ಪೇಜಿನೊಳಗೆ ತೋರಿಸುವ ಕೋಡು) ಹಾಗೇ ಪೇಜಿಗೆ ಅಂಟಿಸಿಬಿಟ್ಟರೆ 2 ಅಂಕ ಅಷ್ಟೇ. ಯಾಕೆ ಅಂತ ಹೇಳುತ್ತೇನೆ.

ಮೊದಲು ಶುರು ಮಾಡುವ ಬಗೆ. ಕಂಪ್ಯೂಟರ್‌ನಲ್ಲಿ ಶೀಟ್ ತೆರೆದು ಫೈಲ್, ಶೇರ್, ಪಬ್ಲಿಷ್ ಟು ವೆಬ್ ಅಂತ ಹೋಗಬೇಕು. ಫೋನಿನ ಆ್ಯಪ್‌ನಲ್ಲಿ ಈ ಆಯ್ಕೆ ಸಿಗುವುದಿಲ್ಲ, ಹಾಗಾಗಿ ಒಂದು ಸಲವಾದರೂ ಕಂಪ್ಯೂಟರ್ ಬೇಕು. ಅಲ್ಲಿ ಲಿಂಕ್, ಎಂಬೆಡ್ ಅಂತ ಎರಡು ಭಾಗ ಇವೆ. ಅದರ ಕೆಳಗೆ ಏನನ್ನು ಪಬ್ಲಿಷ್ ಮಾಡಬೇಕು ಅಂತ ಕೇಳುತ್ತದೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ನೀವೇನೂ ಮುಟ್ಟದಿದ್ದರೆ ಅದು ಇಡೀ ಫೈಲನ್ನೇ ಪಬ್ಲಿಷ್ ಮಾಡುತ್ತದೆ. ಮಂಡಿಗಳಲ್ಲಿ ಒಂದೇ ಫೈಲಿನ ಒಂದು ಹಾಳೆಯಲ್ಲಿ ರೇಟು, ಇನ್ನೊಂದರಲ್ಲಿ ರೈತರ ಫೋನ್ ನಂಬರು, ಮತ್ತೊಂದರಲ್ಲಿ ಮುಂಗಡದ ಲೆಕ್ಕ ಇಟ್ಟಿರುವುದು ಮಾಮೂಲು. ಪಬ್ಲಿಷ್ ಆದದ್ದನ್ನು ಲಿಂಕ್ ಸಿಕ್ಕ ಯಾರು ಬೇಕಾದರೂ ಲಾಗಿನ್ ಇಲ್ಲದೆ ನೋಡಬಹುದು. ರೇಟಿಗೆ ಬೇರೆ ಫೈಲೇ ಮಾಡಿ. ಅದರಲ್ಲೂ ಒಂದು ಹಾಳೆಯನ್ನು ಮಾತ್ರ ಆರಿಸಿ. ರೈತರ ಸಾಲದ ಲೆಕ್ಕ ಊರಿಗೆಲ್ಲ ಕಾಣುವುದು ತಮಾಷೆಯ ವಿಷಯ ಅಲ್ಲ.

ಇನ್ನೊಂದು ವಿಷಯ. ಶೀಟು ಮಂಡಿ ಮಾಲೀಕರ ಖಾತೆಯಲ್ಲಿರಬೇಕು, ವೆಬ್‌ಸೈಟ್ ಮಾಡಿದವರ ಖಾತೆಯಲ್ಲಿ ಅಲ್ಲ. ನಾಳೆ ಅವರು ಬೇರೆಯವರಿಂದ ಕೆಲಸ ಮಾಡಿಸಿಕೊಂಡರೂ ಅವರ ರೇಟಿನ ಲೆಕ್ಕ ಅವರ ಕೈಯಲ್ಲೇ ಉಳಿಯುತ್ತದೆ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರೇಟು ತುಂಬುವ ಕಡೆ. ಮಂಡಿಯಲ್ಲಿ ರೇಟು ಗೊತ್ತಿರುವುದು ರೈಟರ್‌ಗೆ. ಹರಾಜು ಕೂಗುವಾಗ ಪಕ್ಕದಲ್ಲೇ ನಿಂತು ಬರೆದುಕೊಳ್ಳುವವರು ಅವರು. ಅವರಿಗೆ ಹೊಸ ಅಡ್ಮಿನ್ ಪ್ಯಾನೆಲ್, ಹೊಸ ಪಾಸ್‌ವರ್ಡ್ ಕೊಟ್ಟರೆ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಅದು ಅವರ ತಪ್ಪಲ್ಲ, ಆ ಹೊತ್ತಿನಲ್ಲಿ ಅವರಿಗೆ ಪುರುಸೊತ್ತೇ ಇರುವುದಿಲ್ಲ. ಒಂದು ಕೈಯಲ್ಲಿ ಚೀಟಿ, ಕಿವಿ ಹತ್ತಿರ ಫೋನು, ಎದುರಿಗೆ ಇನ್ನೂ ಇಳಿಸುತ್ತಿರುವ ಲೋಡು. ಶೀಟ್ಸ್ ಆ್ಯಪ್ ಆದರೆ ತೆರೆದ ಕೂಡಲೇ ನಿನ್ನೆಯ ಸಾಲು ಕಾಣುತ್ತದೆ. ಅದರ ಕೆಳಗೆ ಮೂರು ಅಂಕಿ ಒತ್ತಿದರೆ ಮುಗಿಯಿತು. ಕಡಿಮೆ ಎಷ್ಟು, ಜಾಸ್ತಿ ಎಷ್ಟು, ಹೆಚ್ಚು ಮಾಲು ಯಾವ ರೇಟಿಗೆ ಹೋಯಿತು. ನೆಟ್ ಇಲ್ಲದಿದ್ದರೂ ತೊಂದರೆ ಇಲ್ಲ. ಶೀಟನ್ನು ಮೊದಲೇ ಆಫ್‌ಲೈನ್ ಮಾಡಿಟ್ಟುಕೊಂಡಿದ್ದರೆ ಬರೆದದ್ದು ಫೋನಿನಲ್ಲೇ ಉಳಿದು, ನೆಟ್ ಬಂದಾಗ ಮೇಲೆ ಹೋಗುತ್ತದೆ.

ಆದರೆ ಮನುಷ್ಯರು ಬರೆಯುವ ರೀತಿ ಕಂಪ್ಯೂಟರ್ ಓದುವ ರೀತಿ ಅಲ್ಲ. ಒಬ್ಬರು 450/- ಅಂತ ಬರೆಯುತ್ತಾರೆ. ಒಬ್ಬರು 450-480 ಅಂತ ಒಂದೇ ಖಾನೆಯಲ್ಲಿ ತುಂಬುತ್ತಾರೆ. ಇನ್ನೊಬ್ಬರು ರೂ.450. ಕಾಗದದ ಮೇಲೆ ಇವೆಲ್ಲ ಸರಿಯೇ. ಪೇಜಿಗೆ ಬಂದಾಗ ಅದು ಅಂಕಿಯಲ್ಲ, ಬರೀ ಅಕ್ಷರ. ನಿನ್ನೆಗಿಂತ ಎಷ್ಟು ಏರಿತು ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಇದಕ್ಕೆ ಶೀಟ್ಸ್‌ನಲ್ಲೇ 'ಡೇಟಾ ವ್ಯಾಲಿಡೇಷನ್' ಇದೆ. ಆ ಖಾನೆಗಳಲ್ಲಿ 20ರಿಂದ 3000ದ ಒಳಗಿನ ಅಂಕಿ ಬಿಟ್ಟು ಬೇರೆ ಏನು ಬರೆದರೂ ತಗೋಬೇಡ ಅಂತ ಹೇಳಿಟ್ಟಿದ್ದೇನೆ. 3000 ತುಂಬಾ ಜಾಸ್ತಿ ಅನಿಸಬಹುದು. 2023ರ ಜುಲೈ ನೆನಪಿಸಿಕೊಳ್ಳಿ, ಕೋಲಾರದಲ್ಲಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಅದೇ ಮಾರುಕಟ್ಟೆಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದು ಹೋಗುವ ದಿನಗಳೂ ಇವೆ. ಹಾಗಾಗಿ ಎರಡೂ ತುದಿಯಲ್ಲಿ ಜಾಗ ಬಿಡಲೇಬೇಕು.

'ವರ್ಷನ್ ಹಿಸ್ಟರಿ' ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಯಾರು, ಎಷ್ಟು ಹೊತ್ತಿಗೆ, ಏನು ಬದಲಾಯಿಸಿದರು ಅನ್ನುವುದು ಅದರಲ್ಲಿ ಉಳಿದಿರುತ್ತದೆ. "ನಿಮ್ಮ ಪೇಜಿನಲ್ಲಿ ಬೇರೆ ರೇಟು ಇತ್ತಲ್ಲ" ಅಂತ ಯಾರಾದರೂ ಬಂದರೆ ತೆಗೆದು ತೋರಿಸಬಹುದು. ಬಿಟ್ಟಿ ಸೇವೆಯಲ್ಲಿ ಇದು ಸಿಗುವುದು ದೊಡ್ಡದು.

ಈಗ ಐಫ್ರೇಮ್ ವಿಷಯ. ಎಂಬೆಡ್ ಒತ್ತಿದರೆ ಒಂದು ಸಾಲು ಕೋಡ್ ಸಿಗುತ್ತದೆ. ಪೇಜಿಗೆ ಅಂಟಿಸಿದರೆ ಟೇಬಲ್ ಕಾಣುತ್ತದೆ. ಐದು ನಿಮಿಷದ ಕೆಲಸ. ಐಫ್ರೇಮ್ ಹಳೆಯ ವಿದ್ಯೆ, 1997ರ ಎಚ್‌ಟಿಎಂಎಲ್ 4.0ದಲ್ಲೇ ಇದೆ. ನಮ್ಮ ಪೇಜಿನ ಗೋಡೆಗೆ ಒಂದು ಕಿಟಕಿ ಕೊರೆದು, ಅದರಾಚೆ ಬೇರೆಯವರ ಮನೆಯನ್ನು ತೋರಿಸಿದ ಹಾಗೆ. ಕಾಣುತ್ತದೆ, ಆದರೆ ಕೈ ಹಾಕುವಂತಿಲ್ಲ. ಒಳಗಿರುವುದು ಗೂಗಲ್‌ನ ಪೇಜು, ಹೊರಗಿರುವುದು ನಮ್ಮದು. ಒಂದು ಸೈಟಿನ ಕೋಡು ಇನ್ನೊಂದು ಸೈಟಿನ ಪೇಜಿನೊಳಗೆ ಕೈಯಾಡಿಸಬಾರದು ಅಂತ 1995ರ ನೆಟ್‌ಸ್ಕೇಪ್ ಕಾಲದಿಂದ ಬ್ರೌಸರ್‌ಗಳಲ್ಲಿ ನಿಯಮ ಇದೆ. ಒಳ್ಳೆಯ ನಿಯಮವೇ. ಅದಿಲ್ಲದಿದ್ದರೆ ಯಾವುದೋ ಪೇಜು ನಿಮ್ಮ ಬ್ಯಾಂಕಿನ ಪೇಜನ್ನು ಓದಿಬಿಡುತ್ತಿತ್ತು. ಆದರೆ ಅದೇ ನಿಯಮದಿಂದ ಟೇಬಲ್ಲಿನ ಅಕ್ಷರ ದೊಡ್ಡದು ಮಾಡಲು, ಬಣ್ಣ ಹೊಂದಿಸಲು, ಒಳಗಿನ ಸಾಲುಗಳಿಗೆ ತಕ್ಕಂತೆ ಎತ್ತರ ಬದಲಾಯಿಸಲು ನಮಗೆ ಆಗುವುದಿಲ್ಲ.

ಕಂಪ್ಯೂಟರ್‌ನಲ್ಲಿ ನೋಡಿದರೆ ಇದೆಲ್ಲ ನಡೆಯುತ್ತದೆ. ಫೋನಿನಲ್ಲಿ ನೋಡಿ. ಖಾನೆಗಳ ಅಗಲ ಶೀಟಿನಲ್ಲಿ ಇದ್ದಷ್ಟೇ ಇರುತ್ತದೆ. ದಿನಾಂಕ, ತಳಿ, ಕಡಿಮೆ ರೇಟು ಕಾಣುತ್ತವೆ. ಬೇಕಾದ ರೇಟು ಬಲಗಡೆ ಮರೆಯಾಗಿರುತ್ತದೆ. ಬೆರಳಿನಿಂದ ಪಕ್ಕಕ್ಕೆ ಎಳೆಯಬೇಕು. ಎಳೆಯುವಾಗ ಕೆಲವೊಮ್ಮೆ ಟೇಬಲ್ ಬದಲು ಇಡೀ ಪೇಜು ಸರಿಯುತ್ತದೆ. ಕನ್ನಡಕ ಮರೆತು ಹೊಲಕ್ಕೆ ಹೋದ ಅರವತ್ತು ದಾಟಿದ ರೈತರಿಗೆ ಇದನ್ನು ಕೊಡಬಾರದು ಅಲ್ವಾ? ಜೊತೆಗೆ ನಾಲ್ಕು ಅಂಕಿ ತೋರಿಸಲು ಫೋನು ಗೂಗಲ್‌ನ ಒಂದು ಪೂರ್ತಿ ಪೇಜನ್ನು ಇಳಿಸಿಕೊಳ್ಳಬೇಕು. ಗಡಿ ಹಳ್ಳಿಗಳಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದಾಗ ಕಾಣುವುದು ಖಾಲಿ ಬಿಳಿ ಚೌಕ ಮಾತ್ರ. ಬೇರೆ ದಾರಿಯೇ ಇಲ್ಲ ಅನ್ನುವವರು ಎರಡು ಕೆಲಸ ಮಾಡಿ. ಶೀಟಿನಲ್ಲಿ ಮೂರಕ್ಕಿಂತ ಜಾಸ್ತಿ ಖಾನೆ ಇಡಬೇಡಿ. ಐಫ್ರೇಮಿಗೆ ಎತ್ತರ ಮೊದಲೇ ಹೇಳಿಡಿ. ಇಲ್ಲದಿದ್ದರೆ ಅದು ತಡವಾಗಿ ಬಂದಾಗ ಪೇಜೆಲ್ಲ ಕೆಳಕ್ಕೆ ಜಿಗಿಯುತ್ತದೆ.

ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿ ಅದೇ ಪಬ್ಲಿಷ್ ಕಿಟಕಿಯಲ್ಲಿದೆ. ಲಿಂಕ್ ಭಾಗಕ್ಕೆ ಹೋಗಿ, 'ವೆಬ್ ಪೇಜ್' ಅನ್ನುವ ಕಡೆ ಸಿಎಸ್‌ವಿ ಆರಿಸಿ. ಆಗ ಸಿಗುವ ಲಿಂಕಿನಲ್ಲಿ ಬಣ್ಣ, ಗೆರೆ ಯಾವುದೂ ಇರುವುದಿಲ್ಲ. ಕಾಮಾದಿಂದ ಬೇರೆ ಮಾಡಿದ ಬರೀ ಅಕ್ಷರ, ಅಂಕಿ. ಅದನ್ನು ತಂದು ನಮ್ಮ ಪೇಜಿನಲ್ಲಿ ನಮಗೆ ಬೇಕಾದ ಹಾಗೆ ಬರೆಯಬಹುದು. ರೇಟನ್ನು ದಪ್ಪ ಅಕ್ಷರದಲ್ಲಿ ಮೇಲೆ, ಉಳಿದದ್ದನ್ನು ಕೆಳಗೆ.

ತರುವುದಕ್ಕೂ ಎರಡು ಬಗೆ. ಒಂದು, ನೋಡುವವರ ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟ್‌ನಿಂದ ತರುವುದು. ಬೇರೆ ಸೈಟಿನಿಂದ ಹೀಗೆ ತರಬೇಕಾದರೆ ಆ ಸೈಟಿನ ಸರ್ವರ್ "ಇವರು ಓದಬಹುದು" ಅಂತ ಹೆಡರ್‌ನಲ್ಲಿ, ಅಂದರೆ ಉತ್ತರದ ತಲೆಬರಹದಲ್ಲಿ, ಒಪ್ಪಿಗೆ ಕೊಡಬೇಕು. ಇದಕ್ಕೆ ಸಿಒಆರ್‌ಎಸ್ ಅನ್ನುತ್ತಾರೆ. 2014ರಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಇದನ್ನು ಅಧಿಕೃತ ಶಿಫಾರಸು ಮಾಡಿತು. ಪಬ್ಲಿಷ್ ಮಾಡಿದ ಸಿಎಸ್‌ವಿಗೆ ಆ ಒಪ್ಪಿಗೆ ಇದೆ. ಹೀಗೆ ಮಾಡುವವರು ಬಂದ ಅಕ್ಷರವನ್ನು ಇನ್ನರ್ ಎಚ್‌ಟಿಎಂಎಲ್‌ಗೆ (ಅದನ್ನು ಪೇಜಿನ ಕೋಡಾಗಿ ಓದುತ್ತದೆ) ಸುರಿಯಬೇಡಿ, ಟೆಕ್ಸ್ಟ್ ಕಂಟೆಂಟ್‌ಗೆ ಹಾಕಿ. ಶೀಟಿಗೆ ಕೈ ಹಾಕಿದ ಯಾರೋ ಖಾನೆಯಲ್ಲಿ ಕೋಡ್ ಬರೆದರೂ ಅದು ಓಡುವುದಿಲ್ಲ, ಬರೀ ಅಕ್ಷರವಾಗಿ ಕಾಣುತ್ತದೆ.

ಎರಡನೆಯದು, ನಮ್ಮ ಸರ್ವರೇ ತಂದಿಟ್ಟುಕೊಳ್ಳುವುದು. ನಾನು ಮಾಡುವುದು ಇದನ್ನೇ. ಮಾಮೂಲಿ ಶೇರ್ಡ್ ಹೋಸ್ಟಿಂಗ್ (ಹಲವರ ಸೈಟುಗಳು ಒಂದೇ ಸರ್ವರ್‌ನಲ್ಲಿರುವುದು), ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಒಂದು ಫೈಲು, ಹತ್ತು ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸುವ ಕ್ರಾನ್ ಅನ್ನುವ ಅಲಾರಂ. ಅದು ಸಿಎಸ್‌ವಿ ತಂದು, ಸರಿಯಿದೆಯೇ ಅಂತ ನೋಡಿ, ಸಣ್ಣ ಫೈಲಾಗಿ ಉಳಿಸುತ್ತದೆ. ಪೇಜು ಓದುವುದು ಈ ಫೈಲನ್ನು. ನೋಡುವವರ ಫೋನು ಗೂಗಲ್ ಹತ್ತಿರ ಹೋಗುವುದೇ ಇಲ್ಲ. ಪೇಜಿನ ಜೊತೆಗೇ ರೇಟು ಬರುತ್ತದೆ. ಹುಡುಕುವ ಎಂಜಿನ್‌ಗಳಿಗೂ ರೇಟು ಅಕ್ಷರವಾಗಿಯೇ ಸಿಗುತ್ತದೆ.

'ಸರಿಯಿದೆಯೇ ಅಂತ ನೋಡಿ' ಅನ್ನುವುದೇ ಇಲ್ಲಿ ಜೀವಾಳ. ದೂರದ ಸರ್ವರ್ ಯಾವಾಗಲೂ ನಾವು ಕೇಳಿದ್ದನ್ನೇ ಕೊಡುತ್ತದೆ ಅಂತಿಲ್ಲ. ಯಾರೋ ಪಬ್ಲಿಷ್ ನಿಲ್ಲಿಸಿದರೆ ಸಿಎಸ್‌ವಿ ಬದಲು ಒಂದು ಎಚ್‌ಟಿಎಂಎಲ್ ಪೇಜು ಬರಬಹುದು. ಹಾಗಾಗಿ ಮೊದಲ ಸಾಲಿನಲ್ಲಿ 'ದಿನಾಂಕ' ಅಂತ ಇದ್ದರೆ ಮಾತ್ರ ಮುಂದೆ ಹೋಗು, ಇಲ್ಲದಿದ್ದರೆ ಹಳೆಯ ಫೈಲನ್ನು ಮುಟ್ಟಬೇಡ ಅಂತ ಬರೆದಿದ್ದೇನೆ. ಹೊಸದನ್ನು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಾಯಿಸುತ್ತದೆ. ಅರ್ಧ ಬರೆದ ಫೈಲು ಯಾರಿಗೂ ಕಾಣುವುದಿಲ್ಲ. ಗೂಗಲ್ ಕಡೆಯಿಂದ ಉತ್ತರ ತಡವಾದರೆ ಕಾಯುತ್ತಾ ಕೂರಬಾರದು ಅಂತ ಟೈಮ್‌ಔಟ್ ಇದೆ. ಶೀಟಿನಲ್ಲಿ ರೇಟನ್ನು 1,250 ಅಂತ ಕಾಮಾ ಹಾಕಿ ತೋರಿಸಿದ್ದರೆ ಸಿಎಸ್‌ವಿಯಲ್ಲೂ ಹಾಗೇ ಬರುತ್ತದೆ, ಉದ್ಧರಣ ಚಿಹ್ನೆಯೊಳಗೆ. ಸುಮ್ನೆ ಕಾಮಾ ಕಂಡಲ್ಲೆಲ್ಲ ಕತ್ತರಿಸಿದರೆ 1,250 ಹೋಗಿ 1 ಆಗುತ್ತದೆ. ಪಿಎಚ್‌ಪಿಯಲ್ಲಿ ಸಿಎಸ್‌ವಿ ಓದುವುದಕ್ಕೇ ಫಂಕ್ಷನ್ ಇದೆ, ಅದನ್ನು ಬಳಸಿ.

ಇಷ್ಟೆಲ್ಲ ಆದ ಮೇಲೂ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಒಂದು ಸಣ್ಣ ಸಾಲಿನ ಬಗ್ಗೆ. ರೇಟಿನ ಕೆಳಗೆ ಇರುವ ಸಮಯ.

ರೇಟು ನೋಡುವ ರೈತರು ಸುಮ್ನೆ ನೋಡುವುದಿಲ್ಲ. ನೋಡಿ ಕೂಲಿಯವರಿಗೆ ಹೇಳುತ್ತಾರೆ. ಬಾಕ್ಸ್ ತರಿಸುತ್ತಾರೆ, ಟೆಂಪೋ ಮಾತಾಡುತ್ತಾರೆ. ಇವತ್ತು ಕೀಳೋಣವೋ ಎರಡು ದಿನ ಬಿಡೋಣವೋ, ಕೋಲಾರಕ್ಕೆ ಹಾಕೋಣವೋ, ವಡ್ಡಹಳ್ಳಿಗೋ, ಚಿಂತಾಮಣಿಗೋ, ಗಡಿ ದಾಟಿ ಮದನಪಲ್ಲಿಗೋ ಅಂತ ಅದರ ಮೇಲೆ ತೀರ್ಮಾನ ಮಾಡುತ್ತಾರೆ. ಮೊನ್ನೆಯ ರೇಟು ಇವತ್ತಿನದು ಅಂತ ಕಂಡರೆ ಆ ತೀರ್ಮಾನವೇ ತಪ್ಪಾಗುತ್ತದೆ. ಅಂಥ ಪೇಜಿಗಿಂತ ರೇಟೇ ಇಲ್ಲದ ಪೇಜು ಮೇಲು. ರೇಟು ಇಲ್ಲದಿದ್ದರೆ ಅವರು ಫೋನ್ ಮಾಡಿ ಕೇಳುತ್ತಾರೆ.

ಶೀಟ್ಸ್‌ನಲ್ಲಿ ಇಲ್ಲೊಂದು ಗುಂಡಿ ಇದೆ. ಎಷ್ಟೋ ಜನ ದಿನಾಂಕದ ಖಾನೆಯಲ್ಲಿ ಟುಡೇ ಅಥವಾ ನೌ ಫಾರ್ಮುಲಾ ಹಾಕುತ್ತಾರೆ. ದಿನಾ ತಾನಾಗಿಯೇ ಇವತ್ತಿನ ದಿನಾಂಕ ತೋರಿಸುತ್ತದಲ್ಲ, ಅನುಕೂಲ ಅಂತ. ಆದರೆ ರೈಟರ್ ರಜೆ ಹಾಕಿ ಯಾರೂ ರೇಟು ಬರೆಯದಿದ್ದ ದಿನವೂ ಅದು ಇವತ್ತಿನ ದಿನಾಂಕವನ್ನೇ ತೋರಿಸುತ್ತದೆ. ಹಳೇ ರೇಟು, ಹೊಸ ದಿನಾಂಕ. ಅದರ ಬದಲು ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ (ಶೀಟಿಗೆ ಕೋಡ್ ಬರೆಯುವ ಗೂಗಲ್‌ನದೇ ಜಾಗ) ಆನ್‌ಎಡಿಟ್ ಅನ್ನುವ ಪುಟ್ಟ ಫಂಕ್ಷನ್ ಬರೆಯಿರಿ. ರೇಟಿನ ಖಾನೆ ಬದಲಾದಾಗ ಮಾತ್ರ ಪಕ್ಕದ ಖಾನೆಯಲ್ಲಿ ಆ ಹೊತ್ತಿನ ಸಮಯ ಬಿದ್ದು ಅಲ್ಲೇ ನಿಲ್ಲುತ್ತದೆ. ಶೀಟಿನ ಸೆಟ್ಟಿಂಗ್‌ನಲ್ಲಿ ಟೈಮ್ ಜೋನ್ ಭಾರತದ್ದಿದೆಯೇ ಅಂತಲೂ ನೋಡಿಕೊಳ್ಳಿ. ನನ್ನ ಪೇಜಿನಲ್ಲಿ ಆ ಸಮಯ ಇವತ್ತಿನದಲ್ಲದಿದ್ದರೆ ದೊಡ್ಡ ಅಕ್ಷರದಲ್ಲಿ "ಇವತ್ತಿನ ರೇಟು ಇನ್ನೂ ಬಂದಿಲ್ಲ" ಅಂತ ಬರುತ್ತದೆ. ಹಳೆಯ ರೇಟು ಕೆಳಗೆ ಬೂದು ಬಣ್ಣದಲ್ಲಿ, ತನ್ನ ದಿನಾಂಕದ ಜೊತೆಗೆ ಇರುತ್ತದೆ. ಪಬ್ಲಿಷ್ ಆದದ್ದು ಹೊರಗೆ ಕಾಣಲು ಕೆಲವು ನಿಮಿಷ ತಡ ಆಗುತ್ತದೆ, ಅದರ ಮೇಲೆ ನನ್ನ ಕ್ರಾನ್‌ನ ಹತ್ತು ನಿಮಿಷ. ದಿನಕ್ಕೊಮ್ಮೆ ಬದಲಾಗುವ ರೇಟಿಗೆ ಇದು ಲೆಕ್ಕಕ್ಕಿಲ್ಲ. ಸಮಯ ಬರೆದಿದ್ದರೆ ಯಾರಿಗೂ ಮೋಸ ಇಲ್ಲ.

ಶೀಟ್ಸ್‌ಗೆ ಬರುವ ಮುಂಚೆ ನನ್ನ ಒಬ್ಬ ಗಿರಾಕಿಯ ಪೇಜಿನಲ್ಲಿ ಬೇರೊಂದು ಬಿಟ್ಟಿ ವಿಜೆಟ್ ಇತ್ತು. ಹೆಸರು ಬೇಡ. ಒಂದು ಸಾಲು ಸ್ಕ್ರಿಪ್ಟ್ ಹಾಕಿದರೆ ತರಕಾರಿ ರೇಟು ಪಟ್ಟಿಯ ಹಾಗೆ ಓಡುತ್ತಿತ್ತು. ಸ್ವಲ್ಪ ಕಾಲ ಚೆನ್ನಾಗಿತ್ತು. ಆಮೇಲೆ ರೇಟಿನ ನಡುವೆ ಸಾಲದ ಆ್ಯಪ್‌ಗಳ ಜಾಹೀರಾತು ಬರತೊಡಗಿದವು. ಕೇಳಿದರೆ ಉತ್ತರ ಇಲ್ಲ. ಮಂಡಿಯವರ ಪೇಜಿನಲ್ಲಿ, ಅವರ ಹೆಸರಿನ ಕೆಳಗೆ, ರೈತರಿಗೆ ಸಾಲದ ಜಾಹೀರಾತು. ನನಗೆ ಅದನ್ನು ನೋಡಿ ನಿಜವಾಗಿಯೂ ಸಂಕಟ ಆಯಿತು, ಅವತ್ತೇ ಕಿತ್ತು ಹಾಕಿದೆ.

ಐಫ್ರೇಮ್ ಮತ್ತು ಸ್ಕ್ರಿಪ್ಟ್ ನಡುವಿನ ದೊಡ್ಡ ವ್ಯತ್ಯಾಸ ಇದೇ. ಐಫ್ರೇಮ್ ತನ್ನ ಚೌಕದೊಳಗೆ ಇರುತ್ತದೆ. ಹೊರಗಿನ ಸ್ಕ್ರಿಪ್ಟ್ ನಮ್ಮ ಪೇಜಿನೊಳಗೇ ಓಡುತ್ತದೆ. ಪೇಜಿನಲ್ಲಿ ಏನನ್ನಾದರೂ ಬದಲಾಯಿಸಬಹುದು, ಫಾರಂನಲ್ಲಿ ಬರೆದದ್ದನ್ನು ಓದಬಹುದು, ಬೇರೆ ಕಡೆಗೆ ಕಳಿಸಬಹುದು. ಇವತ್ತು ಒಳ್ಳೆಯವರ ಕೈಯಲ್ಲಿದ್ದದ್ದು ನಾಳೆ ಇನ್ನೊಬ್ಬರಿಗೆ ಮಾರಾಟ ಆಗಬಹುದು. 2024ರಲ್ಲಿ ಪಾಲಿಫಿಲ್ ಡಾಟ್ ಐಒ ವಿಷಯದಲ್ಲಿ ಆದದ್ದು ಹೀಗೇ. ಹಳೆಯ ಬ್ರೌಸರ್‌ಗಳಿಗೆ ನೆರವಾಗುವ ಸ್ಕ್ರಿಪ್ಟ್ ಅದು. ಆ ವರ್ಷದ ಫೆಬ್ರವರಿಯಲ್ಲಿ ಡೊಮೇನ್ ಬೇರೆ ಕಂಪನಿಯ ಕೈ ಸೇರಿತು. ಜೂನ್ ಹೊತ್ತಿಗೆ ಅದೇ ಲಿಂಕಿನಿಂದ ಕೆಟ್ಟ ಕೋಡ್ ಬರುತ್ತಿರುವುದು, ಫೋನಿನಲ್ಲಿ ನೋಡುವವರನ್ನು ಬೇರೆ ಸೈಟುಗಳಿಗೆ ಎಳೆದೊಯ್ಯುತ್ತಿರುವುದು ಗೊತ್ತಾಯಿತು. ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿ ಆ ಸಾಲು ಇತ್ತು. ಆ ಸೈಟಿನವರು ಯಾರೂ ತಮ್ಮ ಕೋಡಿನಲ್ಲಿ ಒಂದಕ್ಷರ ಬದಲಾಯಿಸಿರಲಿಲ್ಲ. ಶೀಟ್ಸ್‌ನ ಸಿಎಸ್‌ವಿ ದಾರಿ ನನಗೆ ಹಿಡಿಸಲು ಇದೂ ಕಾರಣ. ಅಲ್ಲಿಂದ ಬರುವುದು ಅಂಕಿ ಅಷ್ಟೇ, ಓಡುವ ಕೋಡ್ ಅಲ್ಲ.

ಸರ್ಕಾರದ ಅಂಕಿಯನ್ನೇ ಎಳೆದು ಹಾಕಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು, ಹಾಕಲೂಬೇಕು. ಮಾರುಕಟ್ಟೆ ಧಾರಣೆ ಸೇರಿಸುವ ಸರ್ಕಾರಿ ಜಾಲ ಆಗ್‌ಮಾರ್ಕ್‌ನೆಟ್‌ನ ದಿನದ ಧಾರಣೆ ಸರ್ಕಾರದ ಓಪನ್ ಡೇಟಾ ಸೈಟಿನಲ್ಲಿ ಎಪಿಐ ಆಗಿ, ಅಂದರೆ ನಮ್ಮ ಕೋಡು ನೇರ ಕೇಳಿ ಪಡೆಯುವ ಹಾಗೆ, ಸಿಗುತ್ತದೆ, ನೋಂದಾಯಿಸಿಕೊಂಡು ಕೀ ತೆಗೆದುಕೊಂಡರೆ ಆಯಿತು. ಆದರೆ ಅಲ್ಲಿನ ಲೆಕ್ಕ ಕ್ವಿಂಟಲ್‌ಗೆ. ಕ್ವಿಂಟಲ್‌ಗೆ 2000 ಅಂದರೆ ಕೆಜಿಗೆ 20, ನಮ್ಮ ಬಾಕ್ಸಿಗೆ 300. ಇದನ್ನು ಬಾಕ್ಸಿಗೆ ಬದಲಾಯಿಸದೆ ಹಾಗೇ ತೋರಿಸಿದರೆ ಇಲ್ಲಿನ ಯಾರಿಗೂ ಉಪಯೋಗ ಇಲ್ಲ. ನಾನು ಎರಡನ್ನೂ ತೋರಿಸುತ್ತೇನೆ. ಮೇಲೆ ಮಂಡಿಯ ರೇಟು, ಕೆಳಗೆ ಮಾರುಕಟ್ಟೆಯ ರೇಟು. ಮಾಲೀಕರು ಇದಕ್ಕೆ ಒಪ್ಪಿದ್ದು ನನಗೆ ಖುಷಿ ಕೊಟ್ಟಿತು.

ಹವಾಮಾನಕ್ಕೆ ಓಪನ್-ಮೆಟಿಯೊ ಚೆನ್ನಾಗಿದೆ. ಅಕ್ಷಾಂಶ, ರೇಖಾಂಶ ಕೊಟ್ಟರೆ ಕೀ ಇಲ್ಲದೆ ಮಳೆಯ ಮುನ್ಸೂಚನೆ ಕೊಡುತ್ತದೆ. ಬಿಟ್ಟಿ ಇರುವುದು ವ್ಯಾಪಾರವಲ್ಲದ ಬಳಕೆಗೆ, ದಿನಕ್ಕೆ 10,000 ಕರೆಗಳ ಒಳಗೆ. ಮಂಡಿ ವ್ಯಾಪಾರದ ಜಾಗ, ಹಾಗಾಗಿ ಅಲ್ಲಿ ಹಾಕಿಲ್ಲ. ರೈತ ಸಂಘದ ಪೇಜಿಗೆ ಹಾಕಿದ್ದೇನೆ.

ಶಿಡ್ಲಘಟ್ಟದಿಂದ ಒಬ್ಬರು ರೇಷ್ಮೆಗೂಡಿನ ರೇಟಿಗೆ ಇದೇ ಮಾಡಿಕೊಡಿ ಅಂತ ಕೇಳಿದ್ದರು. ದಿನದ ಸರಾಸರಿ, ಕಡಿಮೆ, ಜಾಸ್ತಿ ಸಾಕು ಅಂದರೆ ಶೀಟು ಧಾರಾಳವಾಗಿ ಸಾಕು. ಆದರೆ ಗೂಡಿನಲ್ಲಿ ಒಂದೊಂದು ಲಾಟಿಗೂ ಬೇರೆ ರೇಟು. ಹರಾಜು ನಡೆಯುತ್ತಿರುವಾಗಲೇ ಪೇಜಿನಲ್ಲಿ ಬದಲಾಗುತ್ತಿರಬೇಕು ಅನ್ನುವುದು ಅವರ ಆಸೆ. ಅದಕ್ಕೆ ಶೀಟ್ಸ್ ಬೇಡ ಅಂತ ಹೇಳಿದೆ. ಅಲ್ಲಿ ಕೆಲವು ನಿಮಿಷದ ತಡವೂ ಜಾಸ್ತಿ. ಅದಕ್ಕೆ ಸ್ವಂತ ಸರ್ವರ್ ಬೇಕು, ರೇಟು ಬದಲಾದ ಕೂಡಲೇ ತೆರೆದಿರುವ ಪೇಜುಗಳಿಗೆ ತಾನೇ ತಳ್ಳುವ ವ್ಯವಸ್ಥೆ ಬೇಕು, ತಿಂಗಳಿಗೆ ಅಷ್ಟು ಖರ್ಚೂ ಬರುತ್ತದೆ. ಖರ್ಚಿನ ಅಂದಾಜು ಬರೆದು ಕೊಟ್ಟಿದ್ದೇನೆ, ಅವರು ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಅಂದಿದ್ದಾರೆ.